ಹಿಂದೆ ಮೂವರು ಕೂತರೆ ಅಂಬಾಸಿಡರ್ ಯಾಕೆ ಅದುರುವುದಿಲ್ಲ?

ಪ್ರಶ್ನೆ: ನಮ್ಮದು 1984ರ ಅಂಬಾಸಿಡರ್ ಮಾರ್ಕ್ 4. ಅಪ್ಪ ಹೊಸದಾಗಿ ತೆಗೆದುಕೊಂಡ ಗಾಡಿ, ಈಗಲೂ ಹಾಸನದ ಮನೆಯಲ್ಲೇ ಇದೆ. ಮೂರು ವರ್ಷದ ಹಿಂದೆ ಹಳೇ ಎಂಜಿನ್ ಕೈಕೊಟ್ಟಾಗ ಕಾಂಟೆಸ್ಸಾ ಕಾರಿನ ಇಸುಜು 1.8 ಪೆಟ್ರೋಲ್ ಎಂಜಿನ್ನು, ಅದರದ್ದೇ ಐದು ಗೇರಿನ ಗೇರ್‌ಬಾಕ್ಸು ಹಾಕಿಸಿದೆವು. ಹಂಪ್ಸ್ ಮೇಲೆ ತಳ ತಾಗುತ್ತದೆ ಅಂತ ಆಗಲೇ ಹಿಂದಿನ ಸ್ಪ್ರಿಂಗಿಗೆ ಎರಡೂ ಕಡೆ ಒಂದೊಂದು ಪಟ್ಟಿ ಜಾಸ್ತಿ ಸೇರಿಸಿದರು. ಊರೊಳಗೆ ಏನೂ ಗೊತ್ತಾಗುವುದಿಲ್ಲ. ಬೆಂಗಳೂರಿಗೆ ಹೊರಟು ಚನ್ನರಾಯಪಟ್ಟಣ ದಾಟಿ 70ರ ಮೇಲೆ ಹೋದರೆ ನೆಲ, ಸೀಟು ಜುಂ ಅಂತ ಅದುರುತ್ತವೆ. ಕನ್ನಡಿಯಲ್ಲಿ ಹಿಂದಿನ ಗಾಡಿ ಮಸುಕಾಗುತ್ತದೆ. ಸ್ಟೀರಿಂಗ್ ಅಷ್ಟಾಗಿ ನಡುಗುವುದಿಲ್ಲ. 85 ದಾಟಿದರೆ ಮತ್ತೆ ಕಡಿಮೆ. ಟೈರ್ ಹೊಸದು, ಎರಡು ಸಲ ಬ್ಯಾಲೆನ್ಸಿಂಗ್ ಆಯಿತು, ಅಲೈನ್‌ಮೆಂಟೂ ಆಯಿತು. ಒಬ್ಬರು ಗೇರ್‌ಬಾಕ್ಸ್ ಬಿಚ್ಚಬೇಕು ಅಂತಾರೆ. ಇನ್ನೊಬ್ಬರು ಹಿಂದಿನ ಚಕ್ರಗಳ ನಡುವಿನ ಕ್ರೌನ್ ಪಿನಿಯನ್ ಗೇರ್ ಸೆಟ್ಟೇ ಬದಲಿಸಿ ಅಂತಾರೆ. ಮತ್ತೊಬ್ಬರು ಹಳೇ ಗಾಡಿ ಅಲ್ವಾ, ಇಷ್ಟು ಇರುತ್ತೆ ಬಿಡಿ ಅಂತಾರೆ. ವಿಚಿತ್ರ ಏನೆಂದರೆ, ಹಿಂದೆ ಮೂವರು ಕೂತು ಡಿಕ್ಕಿ ತುಂಬಿದ್ದರೆ ಅದುರು ಅರ್ಧಕ್ಕರ್ಧ ಕಮ್ಮಿಯಾಗುತ್ತದೆ. ಎಲ್ಲಿಂದ ಶುರು ಮಾಡಲಿ? ಹೀಗೇ ಓಡಿಸಿದರೆ ಅಪಾಯವೇ?

ಉತ್ತರ: ನಿಮ್ಮ ಕಾಗದದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನಿಸಿದ್ದು ನೀವು ಕೊನೆಯಲ್ಲಿ ಬರೆದ ಆ ‘ವಿಚಿತ್ರ’. ಅದನ್ನು ಮೂವರು ಮೆಕ್ಯಾನಿಕ್‌ಗಳಿಗೂ ಹೇಳಿದ್ದೀರೋ ಇಲ್ಲವೋ ಗೊತ್ತಿಲ್ಲ. ಹೇಳಿದ್ದರೆ ಕ್ರೌನ್ ಪಿನಿಯನ್ ಮಾತು ಇಷ್ಟು ಬೇಗ ಬರುತ್ತಿರಲಿಲ್ಲ ಅನಿಸುತ್ತದೆ.

ಟೈರ್ ಬ್ಯಾಲೆನ್ಸ್ ತಪ್ಪಿದ್ದರೆ ಹಿಂದೆ ಎಷ್ಟು ಜನ ಕೂತಿದ್ದಾರೆ ಅನ್ನುವುದು ಅದಕ್ಕೆ ಲೆಕ್ಕಕ್ಕಿಲ್ಲ. ಗೇರ್‌ಬಾಕ್ಸಿನ ಬೇರಿಂಗ್ ಹೋಗಿದ್ದರೂ ಅಷ್ಟೇ. ಮೂವರು ಕೂತಾಗ ಗಾಡಿಯಲ್ಲಿ ಬದಲಾಗುವುದು ಮುಖ್ಯವಾಗಿ ಒಂದೇ: ಹಿಂದಿನ ಸ್ಪ್ರಿಂಗ್ ತಗ್ಗುತ್ತದೆ, ಅದರ ಜೊತೆಗೆ ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆ ಎಳೆತ ಒಯ್ಯುವ ಉದ್ದನೆಯ ಪೈಪು) ಓರೆ ಬದಲಾಗುತ್ತದೆ. ಭಾರ ಬಿದ್ದರೆ ಯಾವ ಅದುರಾದರೂ ಸ್ವಲ್ಪ ಮೆತ್ತಗಾದಂತೆ ಕಾಣುತ್ತದೆ, ಅದು ನಿಜ. ಆದರೆ ಅರ್ಧಕ್ಕರ್ಧ ಇಳಿಯುವುದಿಲ್ಲ. ಹಾಗಾಗಿ ನನ್ನ ಮೊದಲ ಅನುಮಾನ ಶಾಫ್ಟಿನ ಕೋನದ ಮೇಲೆ. ಎರಡನೆಯದು ಶಾಫ್ಟಿನ ಮೇಲೆಯೇ, ಯಾಕೆಂದರೆ ಗೇರ್‌ಬಾಕ್ಸ್ ಬದಲಾದಾಗ ಹಳೇ ಶಾಫ್ಟನ್ನು ಕತ್ತರಿಸಿಯೋ ಜೋಡಿಸಿಯೋ ಉದ್ದ ಸರಿಮಾಡಿರುವ ಸಾಧ್ಯತೆ ಜಾಸ್ತಿ. ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ಶಾಫ್ಟಿನ ತಿರುಗುವಿಕೆಯನ್ನು ಹಿಂದಿನ ಎರಡು ಚಕ್ರಕ್ಕೂ ಹಂಚುವ ಗೇರುಗಳು, ಕ್ರೌನ್ ಪಿನಿಯನ್ ಇರುವುದು ಅದರಲ್ಲೇ) ಎರಡೂ ನನ್ನ ಪಟ್ಟಿಯಲ್ಲಿ ಕೆಳಗಿವೆ.

‘ಹಳೇ ಗಾಡಿ, ಹೀಗೇ ಇರುತ್ತೆ’ ಅನ್ನುವ ಮಾತನ್ನು ದಯವಿಟ್ಟು ಒಪ್ಪಬೇಡಿ. ಸರಿಯಾಗಿರುವ ಅಂಬಾಸಿಡರ್ 80ರಲ್ಲಿ ಗದ್ದಲ ಮಾಡುತ್ತದೆ, ಗಾಳಿ ನುಗ್ಗುತ್ತದೆ, ಬಾಗಿಲು ಕಟಕಟ ಅನ್ನಬಹುದು. ಆದರೆ ಕನ್ನಡಿ ಮಸುಕಾಗುವಷ್ಟು ಅದುರುವುದಿಲ್ಲ. ಎಂಜಿನ್ ಬದಲಿಸಿದ್ದೇ ತಪ್ಪು ಅನ್ನುವವರೂ ಸಿಗುತ್ತಾರೆ. ಹಿಂದೂಸ್ತಾನ್ ಮೋಟರ್ಸ್‌ನವರೇ ಆಮೇಲೆ ಇದೇ ಇಸುಜು ಎಂಜಿನ್ ಹಾಕಿ ಅಂಬಾಸಿಡರ್ 1800 ಐಎಸ್‌ಝಡ್ ಮಾರಿದರು. ಜೋಡಿ ಒಳ್ಳೆಯದೇ, ಕೂರಿಸುವ ಲೆಕ್ಕ ಸರಿಯಿರಬೇಕು ಅಷ್ಟೇ. (ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಏರಿದೆಯಾ ಅಂತ ಒಮ್ಮೆ ನೋಡಿಬಿಡಿ. ಏರದಿದ್ದರೆ ಇನ್ಶೂರೆನ್ಸ್ ಕ್ಲೇಮ್ ಸಮಯದಲ್ಲಿ ತಲೆನೋವಾಗುತ್ತದೆ.) ಮೂರನೇ ತಪ್ಪು ನಂಬಿಕೆ, ಅಲೈನ್‌ಮೆಂಟ್ ಮಾಡಿಸಿದರೆ ಅದುರು ಹೋಗುತ್ತದೆ ಅನ್ನುವುದು. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರ್ ಸವೆಯುತ್ತದೆ. ಸೀಟು ಜುಂ ಅನ್ನುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ‘85 ದಾಟಿದರೆ ಕಡಿಮೆ’ ಅಂದಿರಿ. ಅದರರ್ಥ ದೋಷ ಹೋಯಿತು ಅಂತಲ್ಲ. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಜೋರಾಗಿ ತೂಗುತ್ತದೆ, ತಾಳ ತಪ್ಪಿಸಿ ತಳ್ಳಿದರೆ ಅಷ್ಟು ತೂಗುವುದಿಲ್ಲ. ಗಾಡಿಯ ನೆಲ, ಸೀಟು, ಕನ್ನಡಿ ಎಲ್ಲಕ್ಕೂ ಅವುಗಳದ್ದೇ ಒಂದು ತಾಳ ಇರುತ್ತದೆ. 70ರಿಂದ 85ರ ನಡುವೆ ಶಾಫ್ಟಿನ ತಳ್ಳಾಟ ಆ ತಾಳಕ್ಕೆ ಕೂಡುತ್ತಿದೆ. 90ರಲ್ಲೂ ತಳ್ಳಾಟ ನಡೆದೇ ಇರುತ್ತದೆ, ಇನ್ನೂ ಜೋರಾಗಿಯೇ. ನಿಮ್ಮ ಸೀಟಿಗೆ ಮುಟ್ಟುತ್ತಿಲ್ಲ ಅಷ್ಟೇ, ಜಾಯಿಂಟಿಗೆ, ಬೇರಿಂಗಿಗೆ ಮುಟ್ಟುತ್ತಿರುತ್ತದೆ. ‘ಜೋರಾಗಿ ಹೋಗಿಬಿಡಿ, ಅದುರಲ್ಲ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಸ್ವಲ್ಪ ಲೆಕ್ಕ ಮಾಡೋಣ, ಕಷ್ಟದ್ದಲ್ಲ. ಅಂಬಾಸಿಡರ್ ಚಕ್ರ ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು 2 ಮೀಟರ್ ಮುಂದೆ ಹೋಗುತ್ತದೆ. 75 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 21 ಮೀಟರ್ ಹತ್ತಿರ. ಚಕ್ರ ಸೆಕೆಂಡಿಗೆ ಹತ್ತು ಹನ್ನೊಂದು ಸುತ್ತು. ಚಕ್ರದ ದೋಷ ಇದ್ದರೆ ಅದುರು ನಿಧಾನವಾಗಿರುತ್ತದೆ, ದಬ ದಬ ಅಂತ ಮೈಗೆ ತಾಗುತ್ತದೆ, ಬಾಟಲಿಯಲ್ಲಿ ನೀರು ಅಲ್ಲಾಡುವುದು ಕಣ್ಣಿಗೇ ಕಾಣುತ್ತದೆ. ಮುಂದಿನ ಚಕ್ರ ಆದರೆ ಸ್ಟೀರಿಂಗಿಗೆ, ಹಿಂದಿನದಾದರೆ ಸೀಟಿಗೆ. ಡಿಫರೆನ್ಷಿಯಲ್ ಅನುಪಾತ ನಾಲ್ಕೂವರೆ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ನಾಲ್ಕೂವರೆ ಸುತ್ತು, ಅಂತ ಇಟ್ಟುಕೊಂಡರೆ ಅದೇ ವೇಗದಲ್ಲಿ ಶಾಫ್ಟ್ ಸೆಕೆಂಡಿಗೆ 47 ಸುತ್ತು ತಿರುಗುತ್ತದೆ. ಶಾಫ್ಟಿನ ಬ್ಯಾಲೆನ್ಸ್ ತಪ್ಪಿದ್ದರೆ ಸುತ್ತಿಗೊಂದು ಸಲ ಅದುರು. ಕೋನ ತಪ್ಪಿದ್ದರೆ ಸುತ್ತಿಗೆ ಎರಡು ಸಲ, ಅಂದರೆ ಸೆಕೆಂಡಿಗೆ 94. ಇಷ್ಟು ವೇಗದ ಅದುರನ್ನು ಕಣ್ಣು ಹಿಡಿಯಲಾರದು. ಕನ್ನಡಿ ಮಸುಕಾಗುತ್ತದೆ, ಪಾದ ಜೋಮು ಹಿಡಿದಂತಾಗುತ್ತದೆ, ಕಿವಿಯಲ್ಲಿ ಗುಂ ಅನ್ನುತ್ತದೆ. ನೀವು ಬರೆದ ಲಕ್ಷಣ ಇದಕ್ಕೇ ಹೊಂದುತ್ತದೆ.

ನಿಮ್ಮ ಗಾಡಿಯ ನಿಜವಾದ ಅನುಪಾತ ತಿಳಿಯುವುದು ಸುಲಭ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ಗೆ ಹಾಕಿ, ಕೈಬ್ರೇಕ್ ಬಿಟ್ಟು, ಹಿಂದಿನ ಒಂದೇ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಇನ್ನೊಂದು ಚಕ್ರ ನೆಲದ ಮೇಲೇ ಇರಲಿ. ಎತ್ತಿದ ಚಕ್ರವನ್ನು ಕೈಯಲ್ಲಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಒಂದೇ ಚಕ್ರ ತಿರುಗಿದರೆ ಡಿಫರೆನ್ಷಿಯಲ್‌ಗೆ ಅರ್ಧವೇ ಲೆಕ್ಕ, ಅದಕ್ಕೇ ಎರಡು ಸುತ್ತು. ಶಾಫ್ಟಿಗೆ ಸುಣ್ಣದ ಗುರುತು ಹಾಕಿ ಪಕ್ಕದಿಂದಲೇ ಎಣಿಸಿ. ಅದು ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ.

ಈಗ ರಸ್ತೆ ಪರೀಕ್ಷೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ಇದನ್ನು ಮಾಡದೇ ಬಿಚ್ಚಲು ಶುರು ಮಾಡುವವರೇ ಜಾಸ್ತಿ. ಗೇರ್‌ಬಾಕ್ಸ್ ಬದಲಾಗಿರುವುದರಿಂದ ಸ್ಪೀಡೋಮೀಟರ್ ನಂಬಬೇಡಿ, ಫೋನಿನ ಜಿಪಿಎಸ್ ವೇಗ ನೋಡಿ. ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಳ್ಳಲಿ, ನೀವು ರಸ್ತೆ ನೋಡಿ. ಬೆಳಿಗ್ಗೆ ಬೇಗ, ಖಾಲಿ ರಸ್ತೆಯಲ್ಲಿ ಮಾಡಿ. ಮೊದಲು ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಟೈರ್ ಬಿಸಿಯಾಗಲಿ. ತಿಂಗಳುಗಟ್ಟಲೆ ನಿಂತ ಗಾಡಿಯ ಟೈರ್ ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿರುತ್ತದೆ. ಬಿಸಿಯಾದ ಮೇಲೆ ಅದು ದುಂಡಗಾಗುತ್ತದೆ, ಅಲ್ಲಿಯವರೆಗಿನ ನಡುಕ ಲೆಕ್ಕಕ್ಕಿಲ್ಲ.

ಆಮೇಲೆ ಅದುರು ಅತಿ ಜಾಸ್ತಿ ಇರುವ ವೇಗ ಹುಡುಕಿ, 76 ಅಂತಿಟ್ಟುಕೊಳ್ಳಿ. ಅದೇ ವೇಗದಲ್ಲಿ ಒಮ್ಮೆ ಐದನೇ ಗೇರು, ಒಮ್ಮೆ ನಾಲ್ಕನೇ ಗೇರು. ಇಲ್ಲಿ ನಿಮ್ಮ ಐದು ಗೇರಿನ ಬಾಕ್ಸ್ ಒಂದು ವರ. ಗೇರ್ ಬದಲಾದರೆ ಎಂಜಿನ್ ವೇಗ ಬದಲಾಗುತ್ತದೆ, ಶಾಫ್ಟಿನ ವೇಗ ಬದಲಾಗುವುದಿಲ್ಲ, ಯಾಕೆಂದರೆ ಅದು ಚಕ್ರಕ್ಕೆ ಕಟ್ಟಿಕೊಂಡಿದೆ. ಅದುರು ಎರಡರಲ್ಲೂ ಒಂದೇ ರೀತಿ ಇದ್ದರೆ ಎಂಜಿನ್, ಕ್ಲಚ್, ಫ್ಲೈವೀಲ್ ಎಲ್ಲ ತಪ್ಪಿಸಿಕೊಂಡವು. ಕೊನೆಗೆ 85ಕ್ಕೆ ಹೋಗಿ ಕ್ಲಚ್ ಒತ್ತಿ ನ್ಯೂಟ್ರಲ್ ಮಾಡಿ, 65ಕ್ಕೆ ಇಳಿಯುವವರೆಗೆ ಸುಮ್ಮನೆ ಉರುಳಲು ಬಿಡಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. 76 ಬಂದಾಗ ಅದುರು ಅಷ್ಟೇ ಇದೆಯಾ? ಹಾಗಾದರೆ ಚಕ್ರ ಇಲ್ಲವೇ ಶಾಫ್ಟಿನ ಬ್ಯಾಲೆನ್ಸ್ ಕಡೆ ನೋಡಿ. ಎಳೆತ ಬಿಟ್ಟ ಕೂಡಲೇ ತುಂಬಾ ಕಮ್ಮಿಯಾಯಿತಾ? ಆಗ ಕೋನ, ಸವೆದ ಜಾಯಿಂಟ್, ಇಲ್ಲವೇ ಎಂಜಿನ್ ಮೌಂಟಿಂಗ್. ನಿಮ್ಮದರಂತೆ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಇರುವ ಗಾಡಿಯಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹಿಂದಿನ ಹೌಸಿಂಗ್ (ಡಿಫರೆನ್ಷಿಯಲ್ ಕೂತಿರುವ ಕವಚ) ಸ್ವಲ್ಪ ತಿರುಚಿಕೊಂಡು ಪಿನಿಯನ್ ಮೂತಿ, ಅಂದರೆ ಶಾಫ್ಟ್ ಬಂದು ಸೇರುವ ತುದಿ, ಮೇಲೆತ್ತುತ್ತದೆ. ಕೋನ ಮೊದಲೇ ತಪ್ಪಿದ್ದರೆ ಆಗ ಇನ್ನೂ ತಪ್ಪುತ್ತದೆ.

ಕೋನ ಯಾಕೆ ಇಷ್ಟು ಮುಖ್ಯ ಅಂತ ಕೇಳುತ್ತೀರಿ. ಶಾಫ್ಟಿನ ಎರಡೂ ತುದಿಯಲ್ಲಿ ಒಂದೊಂದು ಯು ಜಾಯಿಂಟ್ ಇದೆ, ನಾವು ಕ್ರಾಸ್ ಅನ್ನುತ್ತೇವೆ. ಕ್ರಾಸ್ ಓರೆಯಾಗಿ ತಿರುಗುವಾಗ ಒಂದು ಕಡೆ ಸಮವೇಗ ಕೊಟ್ಟರೆ ಇನ್ನೊಂದು ಕಡೆ ಸಮವೇಗ ಬರುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. 3 ಡಿಗ್ರಿ ಓರೆಯಲ್ಲಿ ಈ ಏರಿಳಿತ ಶೇಕಡಾ 0.14ರಷ್ಟು, ಏನೂ ಅಲ್ಲ. 6 ಡಿಗ್ರಿ ಆದರೆ 0.55. ಓರೆ ಇಮ್ಮಡಿಯಾದರೆ ಏರಿಳಿತ ನಾಲ್ಕು ಪಟ್ಟು, ನೋಡಿ. ಇದನ್ನು ರದ್ದು ಮಾಡಲೆಂದೇ ಇನ್ನೊಂದು ತುದಿಯ ಕ್ರಾಸ್ ಇದೆ. ಮುಂದಿನ ಕ್ರಾಸ್ ಕೆಡಿಸಿದ್ದನ್ನು ಹಿಂದಿನದು ಸರಿ ಮಾಡುತ್ತದೆ. ಆದರೆ ಎರಡು ಷರತ್ತು. ಎರಡೂ ಕಡೆ ಓರೆ ಸಮ ಇರಬೇಕು, ಅಂದರೆ ಗೇರ್‌ಬಾಕ್ಸಿನ ಗೆರೆ ಮತ್ತು ಪಿನಿಯನ್ ಗೆರೆ ಒಂದಕ್ಕೊಂದು ಸಮಾಂತರ. ಮತ್ತು ಶಾಫ್ಟಿನ ಎರಡೂ ತುದಿಯ ಯೋಕುಗಳು (ಕ್ರಾಸ್ ಹಿಡಿಯುವ ಕವಲುಗಳು) ಒಂದೇ ನೇರದಲ್ಲಿ ಕೂತಿರಬೇಕು.

ನಿಮ್ಮ ಗಾಡಿಯಲ್ಲಿ ಏನಾಗಿರಬಹುದು ಅಂದರೆ, ಹೊಸ ಗೇರ್‌ಬಾಕ್ಸಿಗೆ ಕೈಯಲ್ಲಿ ಮಾಡಿದ ಬ್ರಾಕೆಟ್ ಹಾಕಿರುತ್ತಾರೆ. ಅದರ ಎತ್ತರ ಕಂಪನಿಯ ಎತ್ತರಕ್ಕೆ ಕೂಡಿರುವುದಿಲ್ಲ. ಜೊತೆಗೆ ಹಿಂದೆ ಪಟ್ಟಿ ಸೇರಿಸಿದಾಗ ಬಾಡಿಯ ಹಿಂಭಾಗ ಮೇಲೆದ್ದಿತು, ಹೌಸಿಂಗ್ ಮಾತ್ರ ಚಕ್ರದ ಎತ್ತರದಲ್ಲೇ ಉಳಿಯಿತು. ಶಾಫ್ಟಿನ ಇಳಿಜಾರು ಹೆಚ್ಚಾಯಿತು, ಎರಡು ತುದಿಯ ಓರೆ ಸಮ ತಪ್ಪಿತು. ಮೂವರು ಕೂತಾಗ ಬಾಡಿ ತಗ್ಗಿ ಓರೆ ಹಳೇ ಜಾಗದ ಹತ್ತಿರ ಬರುತ್ತದೆ. ಅದಕ್ಕೇ ಅದುರು ಇಳಿಯುತ್ತದೆ.

ಇದೇ ತಪ್ಪು ನನ್ನ ಕೈಯಲ್ಲೂ ಆಗಿದೆ. ವರ್ಷಗಳ ಹಿಂದೆ ಒಂದು ಕಾಂಟೆಸ್ಸಾ ಇಂಥದೇ ದೂರಿನೊಂದಿಗೆ ಬಂತು. ಪೂರ್ತಿ ಎತ್ತಿ, ಹಿಂದಿನ ಹೌಸಿಂಗ್ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಗೇರ್ ಹಾಕಿ ನೋಡಿದೆ. ಭಯಂಕರ ಅದುರು. ಶಾಫ್ಟೇ ಹೋಗಿದೆ ಅಂತ ಹೇಳಿ ಗ್ರಾಹಕರಿಂದ ಬೇರೆ ಶಾಫ್ಟ್ ತರಿಸಿದೆ. ಹೊಸದೂ ಹಾಗೇ ಅದುರಿತು. ಹೌಸಿಂಗ್ ನೇತಾಡುವಾಗ ಕ್ರಾಸುಗಳ ಓರೆ ವಿಪರೀತ ಆಗುತ್ತದೆ, ಯಾವ ಶಾಫ್ಟ್ ಆದರೂ ಅದುರಲೇಬೇಕು ಅನ್ನುವುದು ಅವತ್ತು ನನಗೆ ಹೊಳೆಯಲಿಲ್ಲ. ಅವರ ದುಡ್ಡು ಹೋಯಿತು, ಈಗಲೂ ನೆನಪಾದರೆ ಬೇಸರವಾಗುತ್ತದೆ. ಹಾಗಾಗಿ ಅಳತೆ ಯಾವಾಗಲೂ ನಾಲ್ಕೂ ಚಕ್ರ ನೆಲದ ಮೇಲಿರುವಾಗ, ಪಿಟ್ ಒಳಗಿನಿಂದ ಅಥವಾ ಡ್ರೈವ್-ಆನ್ ರ‍್ಯಾಂಪ್ ಮೇಲೆ ತೆಗೆಯಿರಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಹೋಗಲೇಬೇಡಿ. ಗೇರಿನಲ್ಲಿ ತಿರುಗುತ್ತಿರುವ ಶಾಫ್ಟಿನ ಹತ್ತಿರ ಅಂತೂ ಕೈ, ಬಟ್ಟೆ ಯಾವುದೂ ಬೇಡ.

ಅಳೆಯಬೇಕಾದದ್ದು ಮೂರು: ಗೇರ್‌ಬಾಕ್ಸಿನ ಇಳಿಜಾರು, ಶಾಫ್ಟಿನ ಇಳಿಜಾರು, ಪಿನಿಯನ್ ಫ್ಲಾಂಜಿನ (ಶಾಫ್ಟ್ ಬೋಲ್ಟ್ ಆಗುವ ಬಿಲ್ಲೆ) ಇಳಿಜಾರು. ಮ್ಯಾಗ್ನೆಟ್ ಇರುವ ಡಿಜಿಟಲ್ ಆಂಗಲ್ ಗೇಜ್ ಸಿಗುತ್ತದೆ. ಫೋನಿನ ಲೆವೆಲ್ ಆ್ಯಪ್ ಕೂಡ ನಡೆಯುತ್ತದೆ, ಆದರೆ ಮೂರಕ್ಕೂ ಫೋನನ್ನು ಒಂದೇ ಮುಖವಾಗಿ ಹಿಡಿಯಿರಿ. ಉದಾಹರಣೆಗೆ ಗೇರ್‌ಬಾಕ್ಸ್ ಹಿಂದಕ್ಕೆ 2 ಡಿಗ್ರಿ, ಶಾಫ್ಟ್ 6, ಪಿನಿಯನ್ ಗೆರೆ 0 ಬಂದರೆ ಮುಂದಿನ ಕ್ರಾಸಿನ ಓರೆ 4, ಹಿಂದಿನದು 6. ಓರೆಯೂ ಜಾಸ್ತಿ, ಸಮವೂ ಇಲ್ಲ. ಎರಡೂ 3 ಡಿಗ್ರಿ ಒಳಗಿದ್ದು, ಒಂದಕ್ಕೊಂದು 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರದಿದ್ದರೆ ನಾನು ನೆಮ್ಮದಿಯಾಗಿರುತ್ತೇನೆ. ಪೂರ್ತಿ ಸೊನ್ನೆಯೂ ಬೇಡ. ಓರೆಯೇ ಇಲ್ಲದಿದ್ದರೆ ಕ್ರಾಸಿನೊಳಗಿನ ಸೂಜಿ ಬೇರಿಂಗ್ ಉರುಳದೆ ಒಂದೇ ಕಡೆ ಕೂತು ಗುಳಿ ಬೀಳುತ್ತದೆ.

ಗಾಡಿ ಪಿಟ್ ಮೇಲಿರುವಾಗಲೇ ಇನ್ನಷ್ಟು ನೋಡಿ. ಶಾಫ್ಟಿನ ಎರಡೂ ತುದಿಯ ಯೋಕುಗಳು ಒಂದೇ ನೇರದಲ್ಲಿವೆಯೇ? ಜಾರುವ ಹಲ್ಲಿನ ಜೋಡಣೆ (ಸ್ಪ್ಲೈನ್) ಬಿಚ್ಚಿ ಮತ್ತೆ ಹಾಕುವಾಗ ಒಂದು ಹಲ್ಲು ಆಚೀಚೆ ಆಗಿರಬಹುದು, ವೆಲ್ಡ್ ಮಾಡುವಾಗ ಕಣ್ಣಂದಾಜಿನಲ್ಲಿ ಹಿಡಿದಿರಬಹುದು. ಪೈಪಿನ ಮೇಲೆ ಹೊಸ ವೆಲ್ಡ್ ಇದೆಯಾ? ತಗ್ಗು ಬಿದ್ದಿದೆಯಾ? ಬ್ಯಾಲೆನ್ಸಿಗೆ ಅಂಟಿಸಿದ ಸಣ್ಣ ತಗಡಿನ ತುಂಡು ಉದುರಿದ ಗುರುತಿದೆಯಾ? ತಳಕ್ಕೆ ಹೊಡೆದ ಟಾರ್ ಕೋಟಿಂಗ್ ಶಾಫ್ಟಿಗೂ ಮೆತ್ತಿಕೊಂಡಿದ್ದರೆ ಅದೇ ಬ್ಯಾಲೆನ್ಸ್ ಕೆಡಿಸುತ್ತದೆ, ಕೆರೆದು ತೆಗೆಯಿರಿ. ಕ್ರಾಸಿನ ಕಪ್ ಸುತ್ತ ಇಟ್ಟಿಗೆ ಬಣ್ಣದ ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ಸೂಜಿಗಳು ತುಕ್ಕು ಹಿಡಿದಿವೆ ಅಂತ ಅರ್ಥ. ರಿವರ್ಸಿನಿಂದ ಫಸ್ಟ್‌ಗೆ ಹಾಕುವಾಗ ಟಕ್ ಅನ್ನುವುದು, ನಿಧಾನ ಹೋಗುವಾಗ ಹಕ್ಕಿಮರಿಯಂತೆ ಚಿಂವ್ ಚಿಂವ್ ಸದ್ದು ಬರುವುದು, ಎರಡೂ ಅದರದ್ದೇ ಲಕ್ಷಣ. ಇಂಥ ಕ್ರಾಸ್ ಸಿಕ್ಕರೆ ಬೇರೆ ಯೋಚನೆ ಬೇಡ, ಅವತ್ತೇ ಬದಲಿಸಿ. ಹಾಕುವವರು ಸುತ್ತಿಗೆಯಿಂದ ಬಡಿಯದೆ ವೈಸ್‌ನಲ್ಲಿ ಒತ್ತಿ ಕೂರಿಸಲಿ. ಬಡಿದರೆ ಒಂದು ಸೂಜಿ ಅಡ್ಡ ಬಿದ್ದು ಕಪ್ ಪೂರ್ತಿ ಕೂರುವುದಿಲ್ಲ, ಶಾಫ್ಟ್ ಮಧ್ಯದಿಂದ ಜರುಗುತ್ತದೆ, ಹೊಸ ಕ್ರಾಸಿನಲ್ಲೇ ಹೊಸ ಅದುರು ಶುರುವಾಗುತ್ತದೆ.

ಕೋನವೇ ತಪ್ಪಿದೆ ಅಂತ ಖಚಿತವಾದರೆ ನಾನು ಮೊದಲು ಮಾಡುವುದು ಆ ಜಾಸ್ತಿ ಪಟ್ಟಿ ತೆಗೆಸಿ ನೋಡುವುದು. ಹೊಸ ಸಾಮಾನು ಏನೂ ಬೇಡ, ಬೇಕೆಂದರೆ ಮತ್ತೆ ಹಾಕಬಹುದು. ತೊಂದರೆ ಏನೆಂದರೆ ಹಂಪ್ಸ್ ಮೇಲೆ ಮತ್ತೆ ತಳ ತಾಗಬಹುದು. ನಲವತ್ತು ವರ್ಷದ ಸ್ಪ್ರಿಂಗ್ ಸೋತಿದ್ದರೆ ಇರುವ ಪಟ್ಟಿಗಳಿಗೇ ಕಂಪನಿ ಅಳತೆಯ ಕಮಾನು ಕೊಡಿಸುವುದು ಪಟ್ಟಿ ಸೇರಿಸುವುದಕ್ಕಿಂತ ಒಳ್ಳೆಯದು. ಎತ್ತರ ಬೇಕೇ ಬೇಕು ಅಂದರೆ ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಇಳಿಜಾರು ಬೆಣೆ ಹಾಕಿ ಪಿನಿಯನ್ ಮೂತಿ ತಿರುಗಿಸಬಹುದು. ಉಕ್ಕಿನದ್ದೇ ಹಾಕಿಸಿ, ಅಲ್ಯೂಮಿನಿಯಂ ಬೆಣೆ ಒಡೆಯುತ್ತದೆ. ದಪ್ಪ ತುದಿ ಮುಂದೋ ಹಿಂದೋ ಅನ್ನುವುದನ್ನು ಅಳತೆಯೇ ಹೇಳಬೇಕು, ತಿರುಗುಮುರುಗಾದರೆ ತಪ್ಪು ಇಮ್ಮಡಿ. ಸ್ಪ್ರಿಂಗಿನ ನಡುವಿನ ಬೋಲ್ಟ್ ತಲೆ ತನ್ನ ತೂತಿನಲ್ಲಿ ಪೂರ್ತಿ ಕೂತಿರಬೇಕು. 500 ಕಿಲೋಮೀಟರ್ ಓಡಿದ ಮೇಲೆ ಸ್ಪ್ರಿಂಗನ್ನು ಹೌಸಿಂಗಿಗೆ ಕಟ್ಟುವ ಯು ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಿಸಿ. ಇದನ್ನು ಮರೆತರೆ ಹೌಸಿಂಗ್ ಜರುಗುವ ಅಪಾಯ ಇದೆ. ಗೇರ್‌ಬಾಕ್ಸ್ ಬ್ರಾಕೆಟ್ಟಿನ ಎತ್ತರ ಬದಲಿಸುವುದು ಇನ್ನೊಂದು ದಾರಿ. ಒಳ್ಳೆಯ ದಾರಿಯೇ, ಆದರೆ ಎಂಜಿನ್ ಮೌಂಟಿಂಗ್, ಸೈಲೆನ್ಸರ್ ಪೈಪ್, ಗೇರ್ ಲಿವರ್ ಎಲ್ಲ ಜೊತೆಗೆ ಕದಲುತ್ತವೆ, ಅನುಭವ ಇರುವವರೇ ಮಾಡಬೇಕು. ಅದುರು ತಡೆಯಲು ಗಟ್ಟಿ ರಬ್ಬರ್ ಮೌಂಟಿಂಗ್ ಹಾಕುತ್ತೇವೆ ಅಂದರೆ ಬೇಡ ಅನ್ನಿ. ಅದುರು ಬಾಡಿಗೆ ಇನ್ನೂ ಜಾಸ್ತಿ ಹತ್ತುತ್ತದೆ.

ಕೋನ ಸರಿಯಿದ್ದೂ ಅದುರಿದರೆ ಶಾಫ್ಟ್ ಬಿಚ್ಚಿಸಿ. ಬಿಚ್ಚುವ ಮೊದಲು ಫ್ಲಾಂಜಿಗೂ ಶಾಫ್ಟಿಗೂ ಬಣ್ಣದ ಗುರುತು ಹಾಕಿ. ಲೇತ್ ಮೇಲೆ ತಿರುಗಿಸಿ ನಡು ಪೈಪ್ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಓಲಾಡುತ್ತದೆಯಾ ಅಂತ ಡಯಲ್ ಗೇಜ್ ಇಟ್ಟು ನೋಡಲಿ. ಆಮೇಲೆ ಬ್ಯಾಲೆನ್ಸಿಂಗ್ ಯಂತ್ರ ಇರುವವರ ಹತ್ತಿರ ಕಳಿಸಿ. ದೊಡ್ಡ ಊರುಗಳಲ್ಲಿ ಲಾರಿ ಶಾಫ್ಟ್ ಕೆಲಸ ಮಾಡುವವರಲ್ಲಿ ಈ ಯಂತ್ರ ಇರುತ್ತದೆ. ಬಾಗಿದ ಪೈಪನ್ನು ತೂಕ ಅಂಟಿಸಿ ಬ್ಯಾಲೆನ್ಸ್ ಮಾಡುತ್ತೇವೆ ಅಂದರೆ ಒಪ್ಪಬೇಡಿ, ಹೊಸ ಪೈಪ್ ಹಾಕಿಸಿ. ಕ್ರೌನ್ ಪಿನಿಯನ್ ಸದ್ಯಕ್ಕೆ ಮುಟ್ಟಲೇಬೇಡಿ. ಅದು ಹಾಳಾದರೆ ಮೊದಲು ಊಳಿಡುವ ಸದ್ದು ಬರುತ್ತದೆ, ನೀವು ಅಂಥದ್ದೇನೂ ಬರೆದಿಲ್ಲ. ಚೆನ್ನಾಗಿರುವ ಹಳೇ ಜೋಡಿಯನ್ನು ಒಮ್ಮೆ ಕದಲಿಸಿದರೆ ಮತ್ತೆ ಅಷ್ಟು ಮೌನವಾಗಿ ಕೂರಿಸುವುದು ಕಷ್ಟ.

ಓಡಿಸಬಹುದೇ? ಕ್ರಾಸ್ ಎರಡೂ ಗಟ್ಟಿಯಿದ್ದರೆ, ಬೋಲ್ಟ್ ಬಿಗಿಯಿದ್ದರೆ ಊರೊಳಗೆ ಓಡಿಸಿ, ಹೆದ್ದಾರಿಯಲ್ಲಿ 65 ದಾಟಬೇಡಿ. ಕ್ರಾಸಿನಲ್ಲಿ ಸ್ವಲ್ಪ ಪ್ಲೇ (ಸಡಿಲ) ಕಂಡರೂ ಹೆದ್ದಾರಿಗೆ ಬೇಡವೇ ಬೇಡ. ಹಿಂದಿನ ಕ್ರಾಸ್ ಮುರಿದರೆ ಶಾಫ್ಟ್ ರಸ್ತೆಗೆ ಉಜ್ಜುತ್ತಾ ಬರುತ್ತದೆ. ಮುಂದಿನದು ಮುರಿದರೆ ಶಾಫ್ಟಿನ ತುದಿ ಟಾರಿಗೆ ಚುಚ್ಚಿಕೊಂಡು ಗಾಡಿಯ ಹಿಂಭಾಗವನ್ನೇ ಎತ್ತಬಹುದು. ಮುಂದಿನ ಕ್ರಾಸಿನ ಹತ್ತಿರ ಶಾಫ್ಟ್ ಸುತ್ತ ಒಂದು ಗಟ್ಟಿ ಕಬ್ಬಿಣದ ಪಟ್ಟಿಯ ಬಳೆ ಹಾಕಿಸಿಬಿಡಿ. ಎಂಜಿನ್ ಬದಲಿಸಿದ ಪ್ರತಿ ಗಾಡಿಗೂ ನಾನು ಇದನ್ನು ಹಾಕಿಯೇ ಕಳಿಸುತ್ತೇನೆ.

ಮೂರು ಕೋನಗಳನ್ನು ಎರಡು ಸಲ ಅಳೆಸಿ. ಒಮ್ಮೆ ಸೀಟು ಖಾಲಿ ಇದ್ದಾಗ, ಒಮ್ಮೆ ಹಿಂದಿನ ಸೀಟಿನಲ್ಲಿ ಜನರ ಬದಲು 25 ಕೆಜಿಯ ಎಂಟು ಅಕ್ಕಿ ಮೂಟೆ ಇಟ್ಟು. ರಸ್ತೆ ಪರೀಕ್ಷೆಯಲ್ಲಿ ಬರೆದುಕೊಂಡದ್ದನ್ನೂ ಸೇರಿಸಿ ಕಳಿಸಿ. ಪಟ್ಟಿ ತೆಗೆಸಿದರೆ ಸಾಕೋ ಬೆಣೆಯೂ ಬೇಕೋ, ಬೇಕಾದರೆ ಎಷ್ಟು ಡಿಗ್ರಿಯದ್ದು, ದಪ್ಪ ತುದಿ ಯಾವ ಕಡೆ ಅನ್ನುವುದನ್ನು ಆ ಅಳತೆ ನೋಡಿ ಹೇಳುತ್ತೇನೆ.